ಒಂದಡಿ ಹೆಚ್ಚಿನ ಅಗಲ: ಪುಟ್ಟ ಟ್ರೇಲರ್ ಮೇಲೆ ಇಬ್ಬರಿಗೊಂದು ಟಿಯರ್‌ಡ್ರಾಪ್ ಗಾಡಿ

ಬೇಸಿಗೆ ರಜೆ ಹತ್ತಿರವಾದಂತೆ ಅಮೆರಿಕದ ಕನ್ನಡ ಮನೆಗಳಲ್ಲಿ ಕ್ಯಾಂಪಿಂಗ್ ಮಾತು ಶುರುವಾಗುತ್ತದೆ. ಟೆಂಟ್ ಹಾಕಿ ನೆಲದ ಮೇಲೆ ಮಲಗೋಣವೆಂದರೆ ಸೊಂಟ ಕೇಳುವುದಿಲ್ಲ. ಆರ್‌ವಿ ಕೊಳ್ಳೋಣವೆಂದರೆ ಎಳೆಯಲು ಟ್ರಕ್ಕು ಬೇಕು, ವರ್ಷವಿಡೀ ನಿಲ್ಲಿಸಲು ಜಾಗ ಬೇಕು, ಸಾಲದ ಕಂತು ಬೇರೆ. ಈ ಎರಡರ ನಡುವೆ ಒಂದು ದಾರಿ ಇದೆ. ಅದು ಟಿಯರ್‌ಡ್ರಾಪ್: ಮುಂದೆ ದುಂಡಗೆ ಎದ್ದು ಹಿಂದಕ್ಕೆ ಇಳಿಯುವ ಪುಟ್ಟ ಗಾಡಿ. ಒಳಗೆ ಹಾಸಿಗೆ ಮಾತ್ರ; ಹಿಂದಿನ ಮುಚ್ಚಳ ಎತ್ತಿದರೆ ಅಡುಗೆಮನೆ. ಮರಗೆಲಸದ ಸಾಮಾನ್ಯ ಪರಿಚಯ, ಒಂದು ಗ್ಯಾರೇಜು, ಕೆಲವು ತಿಂಗಳ ವಾರಾಂತ್ಯಗಳಿದ್ದರೆ ಇದನ್ನು ಮನೆಯಲ್ಲೇ ಕಟ್ಟಬಹುದು.

ಹಾಗೆ ಕಟ್ಟುವವರಲ್ಲಿ ಹೆಚ್ಚಿನವರು 4 ಅಡಿ ಅಗಲದ ಟ್ರೇಲರ್ ತರುತ್ತಾರೆ, 4 ಅಡಿ ಅಗಲದ ಪೆಟ್ಟಿಗೆ ಕೂರಿಸುತ್ತಾರೆ. ಇಬ್ಬರು ದೊಡ್ಡವರಿಗೆ ಆ ಅಗಲ ಬಿಗಿ. 5 ಅಡಿ ಮಾಡಿಕೊಂಡರೆ ಗಾಡಿ ಹತ್ತು ವರ್ಷ ಬಳಕೆಯಲ್ಲಿ ಉಳಿಯುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಆದರೆ ಅಗಲವನ್ನು ಗೋಡೆಯಿಂದ ಶುರು ಮಾಡಬಾರದು. ಅದು ಮೊದಲು ಚಕ್ರದ ಪ್ರಶ್ನೆ, ಆಮೇಲೆ ನೆಲದ್ದು, ಆಮೇಲೆ ಚಾವಣಿಯದ್ದು. ಕೆಳಗಿನಿಂದ ಮೇಲಕ್ಕೆ ಆ ಕ್ರಮದಲ್ಲೇ ಹೋಗೋಣ. ಅಮೆರಿಕದಲ್ಲಿ ಮರ, ಪ್ಲೈವುಡ್ ಎಲ್ಲವೂ ಅಡಿ-ಇಂಚು-ಪೌಂಡುಗಳಲ್ಲೇ ಸಿಗುವುದರಿಂದ ಅಳತೆಗಳನ್ನೂ ಹಾಗೇ ಕೊಟ್ಟಿದ್ದೇನೆ.

ನಾಲ್ಕಡಿ ಎಲ್ಲಿಂದ ಬಂತು?

ಟಿಯರ್‌ಡ್ರಾಪ್ ಗಾಡಿಗಳು ಅಮೆರಿಕದಲ್ಲಿ ಕಾಣಿಸಿಕೊಂಡದ್ದು 1930ರ ದಶಕದಲ್ಲಿ. ಎರಡನೇ ಮಹಾಯುದ್ಧ ಮುಗಿದು 1945ರ ನಂತರ ಪ್ಲೈವುಡ್ಡೂ ಅಲ್ಯೂಮಿನಿಯಂ ತಗಡೂ ಸುಲಭವಾಗಿ ಸಿಗತೊಡಗಿದಾಗ ಅವು ಮನೆಮಾತಾದವು. ಕೈಕೆಲಸದ ಮಾಸಪತ್ರಿಕೆಗಳು ನಕ್ಷೆ ಅಚ್ಚು ಹಾಕಿದವು, ಓದಿದವರು ಶೆಡ್ಡಿನಲ್ಲಿ ಕಟ್ಟಿದರು. ಪ್ಲೈವುಡ್ ಹಾಳೆ ಬರುವುದು 4 ಅಡಿಗೆ 8 ಅಡಿ. ಒಂದು ಹಾಳೆ ನೆಲಕ್ಕೆ, ಒಂದೊಂದು ಹಾಳೆ ಒಂದೊಂದು ಗೋಡೆಗೆ. ಕೊಯ್ತ ಕಡಿಮೆ, ಪೋಲು ಕಡಿಮೆ. ನಾಲ್ಕಡಿ ಅಗಲ ನಿಂತದ್ದು ಈ ಹಾಳೆಯ ಲೆಕ್ಕದಿಂದ. ಮಲಗುವವರ ಭುಜವನ್ನು ಯಾರೂ ಅಳೆದಿರಲಿಲ್ಲ.

ಮುಕ್ಕಾಲು ಇಂಚಿನ ಎರಡು ಗೋಡೆ ಕಳೆದರೆ 48 ಇಂಚಿನಲ್ಲಿ ಒಳಗೆ ಉಳಿಯುವುದು 46.5 ಇಂಚು. ಅಮೆರಿಕದ ಅಂಗಡಿಗಳಲ್ಲಿ ಸಿಗುವ ಫುಲ್ ಸೈಜ್ ಹಾಸಿಗೆಯ ಅಗಲ 54 ಇಂಚು, ಕ್ವೀನ್ ಹಾಸಿಗೆಯದು 60. ಅಂದರೆ ಫುಲ್ ಹಾಸಿಗೆಯೂ ಹಿಡಿಸದು. ಹೊರ ಅಗಲ 60 ಇಂಚಾದರೆ ಒಳಗೆ 58.5 ಸಿಗುತ್ತದೆ. ಕ್ವೀನ್ ಅಳತೆಯ ಫೋಮ್ ಹಾಸಿಗೆಯ ಅಂಚನ್ನು ಒಂದೂವರೆ ಇಂಚು ಕೊಯ್ದರೆ ಸರಿಯಾಗಿ ಕೂರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಖರ್ಚಿಗೆ ಸರಿ. ಗಾಡಿ ಕಟ್ಟುವವರು ಮೊದಲು ಕಾಲು ಚಾಚಿ, ಆಮೇಲೆ ಹಾಸಿಗೆ ನಿರ್ಧರಿಸಬೇಕು. ಟ್ರೇಲರ್ ಕೊಳ್ಳುವ ಮುಂಚೆ ಗ್ಯಾರೇಜ್ ನೆಲದ ಮೇಲೆ ಮಾಸ್ಕಿಂಗ್ ಟೇಪಿನಲ್ಲಿ 46.5 ಇಂಚಿನದೊಂದು, 58.5 ಇಂಚಿನದೊಂದು ಚೌಕಟ್ಟು ಎಳೆಯಿರಿ. ಗಂಡ ಹೆಂಡತಿ ಇಬ್ಬರೂ ಎರಡರಲ್ಲೂ ಅರ್ಧರ್ಧ ಗಂಟೆ ಮಲಗಿ, ಮಗ್ಗುಲು ಬದಲಿಸಿ ನೋಡಿ. ತೀರ್ಮಾನ ಅಲ್ಲೇ ಆಗುತ್ತದೆ.

ಹಾಗಾದರೆ ಆರಡಿ ಏಕೆ ಬೇಡ? ಐದಡಿಗೆ ಎರಡು ಅನುಕೂಲಗಳಿವೆ. ಸಾಮಾನ್ಯ ಎಸ್‌ಯುವಿ ಅಥವಾ ಮಿನಿವ್ಯಾನ್ ಆರಡಿಗೂ ತುಸು ಹೆಚ್ಚು ಅಗಲ ಇರುವುದರಿಂದ ಐದಡಿಯ ಪೆಟ್ಟಿಗೆ ಕಾರಿನ ಮರೆಯಲ್ಲೇ ಸಾಗುತ್ತದೆ. ಬದಿಯ ಕನ್ನಡಿಗಳಿಗೆ ವಿಸ್ತರಣೆ ಬೇಕಾಗುವುದಿಲ್ಲ, ಗಾಳಿಯ ತಡೆಯೂ ಅಷ್ಟಾಗಿ ಏರುವುದಿಲ್ಲ. ಎರಡನೆಯದು ಕಾನೂನಿನ ವಿಷಯ. ಚಕ್ರಗಳೂ ಸೇರಿ ಟ್ರೇಲರಿನ ಒಟ್ಟು ಅಗಲ 80 ಇಂಚು ಮುಟ್ಟಿದರೆ ಅಮೆರಿಕದ ಕೇಂದ್ರ ನಿಯಮದಂತೆ ಅಂಚುದೀಪಗಳು, ಮೂರರ ಸಾಲಿನ ಗುರುತು ದೀಪಗಳು ಕಡ್ಡಾಯ. ಅದರೊಳಗೆ ಉಳಿದರೆ ಕೆಲಸ ಸರಳ.

ಚಕ್ರವನ್ನು ಎಲ್ಲಿಡುವುದು?

4x8 ಅಡಿಯ ಟ್ರೇಲರಿನಲ್ಲಿ ಚಕ್ರಗಳು ಫ್ರೇಮಿನ ಹೊರಗೆ ಇರುತ್ತವೆ. ಪೆಟ್ಟಿಗೆಯನ್ನು ಪ್ರತಿ ಬದಿಗೂ 6 ಇಂಚು ಹೊರಚಾಚಿದರೆ ಅದು ನೇರವಾಗಿ ಟೈರಿನ ಮೇಲೆ ಬರುತ್ತದೆ. ಇದಕ್ಕೆ ಮೂರು ಪರಿಹಾರಗಳಿವೆ.

ಮೊದಲನೆಯದು, ಉದ್ದನೆಯ ಆಕ್ಸಲ್ ಹಾಕಿಸಿ ಚಕ್ರಗಳನ್ನೇ ಹೊರಕ್ಕೆ ತಳ್ಳುವುದು. ಗಾಡಿ ತಗ್ಗಾಗಿ ಉಳಿಯುತ್ತದೆ, ತಿರುವಿನಲ್ಲಿ ಸ್ಥಿರವಾಗಿರುತ್ತದೆ. ಆದರೆ ಆಕ್ಸಲ್ ಮಾತ್ರ ಉದ್ದ ಮಾಡಿ ಸ್ಪ್ರಿಂಗುಗಳನ್ನು ಹಳೆಯ ಜಾಗದಲ್ಲೇ ಬಿಟ್ಟರೆ ಆಕ್ಸಲ್ ಮೇಲೆ ಬಾಗುವ ಒತ್ತಡ ಹೆಚ್ಚಿ ಅದರ ಸಾಮರ್ಥ್ಯ ಕುಗ್ಗುತ್ತದೆ. ಸ್ಪ್ರಿಂಗನ್ನೂ ಹೊರಕ್ಕೆ ತರಬೇಕು, ಅದಕ್ಕೆ ಫ್ರೇಮನ್ನೂ ಹಿಗ್ಗಿಸಬೇಕು. ಇದು ಒಳ್ಳೆಯ ವೆಲ್ಡರ್ ಕೈಯಲ್ಲಿ ಆಗಬೇಕಾದ ಕೆಲಸ.

ಎರಡನೆಯದು, ನೆಲವನ್ನು ತಗ್ಗಿನಲ್ಲೇ ಬಿಟ್ಟು ಚಕ್ರದ ಸುತ್ತ ಒಳಗೊಂದು ಗೂಡು ಕಟ್ಟುವುದು. ಹೆಚ್ಚಿಸಿಕೊಂಡ ಅಗಲವನ್ನು ಆ ಗೂಡೇ ಹಾಸಿಗೆಯ ನಡುವೆ ನುಂಗುತ್ತದೆ. ಟೈರು ಚಿಮ್ಮಿಸುವ ನೀರಿಗೆ ಅದರ ಸಂದುಗಳೇ ಮೊದಲ ಗುರಿ. ನಾನು ಶಿಫಾರಸು ಮಾಡುವುದಿಲ್ಲ.

ಮೂರನೆಯದು, ನೆಲವನ್ನು ಟೈರಿಗಿಂತ ಮೇಲಕ್ಕೆ ಎತ್ತುವುದು. ಬೋಲ್ಟ್ ಹಾಕಿ ಜೋಡಿಸುವ ಪುಟ್ಟ ಟ್ರೇಲರ್ ತಂದವರಿಗೆ ಇದೇ ಸೂಕ್ತ. ವೆಲ್ಡಿಂಗ್ ಬೇಕಿಲ್ಲ, ಹೊರಗೆ ಮಡ್‌ಗಾರ್ಡ್ ಬೇಕಿಲ್ಲ, ಬಾಗಿಲು ತೆರೆಯಲು ಚಕ್ರ ಅಡ್ಡಬರುವುದಿಲ್ಲ. ಗಾಡಿ ಮೂರು ನಾಲ್ಕು ಇಂಚು ಎತ್ತರವಾಗುತ್ತದೆ. ಅಗಲವಾದ ಪೆಟ್ಟಿಗೆ ಹಳೆಯ ಅಗಲದ ಚಕ್ರಗಳ ಮೇಲೆಯೇ ನಿಂತಿರುವುದರಿಂದ ಬ್ಯಾಟರಿ, ನೀರು, ಅಡುಗೆ ಸಾಮಾನು ಎಲ್ಲವೂ ನೆಲಮಟ್ಟದಲ್ಲೇ ಇರಬೇಕು. ಚಾವಣಿಯ ಮೇಲೆ ಸೈಕಲ್ಲು, ದೋಣಿ ಹೇರುವ ಯೋಚನೆ ಬಿಡಬೇಕು.

ವೆಲ್ಡಿಂಗೂ ಬೇಡ, ಎತ್ತರವೂ ಬೇಡ ಅನ್ನುವವರು ಮೊದಲೇ 5x8 ಅಡಿಯ ಟ್ರೇಲರ್ ಕೊಳ್ಳುವುದು ಒಳ್ಳೆಯದು. 2,990 ಪೌಂಡ್ ಎಂದು ನಮೂದಾದ ಒಂಟಿ ಆಕ್ಸಲಿನ ಟ್ರೇಲರುಗಳು ಧಾರಾಳವಾಗಿ ಸಿಗುತ್ತವೆ. ಹಲವು ರಾಜ್ಯಗಳಲ್ಲಿ 3,000 ಪೌಂಡಿಗೆ ಟ್ರೇಲರ್ ಬ್ರೇಕ್ ಕಡ್ಡಾಯವಾಗುವುದರಿಂದ ಆ ಸಂಖ್ಯೆ. ಅವು ಹೆಚ್ಚು ಭಾರ, ಆದರೆ ಗಟ್ಟಿ.

ತೂಕದ ಬಜೆಟ್

ಮರ ಕೊಳ್ಳುವ ಮುಂಚೆ ಎರಡು ಸಂಖ್ಯೆ ಬರೆದಿಟ್ಟುಕೊಳ್ಳಿ: ಕಾರು ಎಳೆಯಬಲ್ಲ ತೂಕ, ಟ್ರೇಲರ್ ಹೊರಬಲ್ಲ ತೂಕ. ಕಾರಿನದು ಅದರ ಕೈಪಿಡಿಯಲ್ಲಿರುತ್ತದೆ. ಹೈಬ್ರಿಡ್ ಅಲ್ಲದ ಹೋಂಡಾ ಸಿಆರ್-ವಿಗೆ ಇದು 1,500 ಪೌಂಡ್, ಅಂದರೆ ಸುಮಾರು 680 ಕಿಲೋ. ಟೊಯೋಟಾ ಸಿಯೆನಾದಂಥ ಮಿನಿವ್ಯಾನಿಗೆ 3,500 ಪೌಂಡ್. ಟ್ರೇಲರಿನ ತಗಡಿನ ಫಲಕದ ಮೇಲೆ ಇರುವ ಒಟ್ಟು ತೂಕದ ಮಿತಿಯಲ್ಲಿ ಅದರ ಸ್ವಂತ ತೂಕವೂ ಸೇರಿರುತ್ತದೆ ಎಂಬುದನ್ನು ಮರೆಯಬೇಡಿ. ಹಾರ್ಬರ್ ಫ್ರೈಟ್ ಅಂಗಡಿಯ, 12 ಇಂಚು ಚಕ್ರದ, 1,720 ಪೌಂಡ್ ಸಾಮರ್ಥ್ಯದ ಮಡಚುವ ಟ್ರೇಲರ್ ಇಂಥ ಕೆಲಸಕ್ಕೆ ಬಹಳ ಜನ ಬಳಸುವಂಥದ್ದು. 8 ಇಂಚಿನ ಚಕ್ರದ್ದು ಅಗ್ಗವಾದರೂ ಹೆದ್ದಾರಿಗೆ ಬೇಡ. ಚಿಕ್ಕ ಚಕ್ರ ಅದೇ ವೇಗಕ್ಕೆ ಹೆಚ್ಚು ಸುತ್ತು ತಿರುಗುತ್ತದೆ, ಬೇರಿಂಗು ಕಾಯುತ್ತದೆ.

ಪ್ಲೈವುಡ್ ತೂಕ ಅಂದಾಜಿಗೆ ಹೀಗೆ: ಮುಕ್ಕಾಲು ಇಂಚಿನ ಪೂರ್ತಿ ಹಾಳೆ 70 ಪೌಂಡ್, ಅರ್ಧ ಇಂಚಿನದು 45ರ ಆಸುಪಾಸು, ಕಾಲು ಇಂಚಿನದು 22ರಿಂದ 25. ಅಗಲ ಕಾಲು ಪಾಲು ಏರಿದರೆ ಗಾಡಿಯ ತೂಕವೂ ಕಾಲು ಪಾಲು ಏರುತ್ತದೆಂಬ ಭಯ ಬೇಡ. ನೆಲ, ಚಾವಣಿ, ಹಿಂದಿನ ಮುಚ್ಚಳ, ಹಾಸಿಗೆ ಇಷ್ಟೇ ಅಗಲದ ಜೊತೆ ಬೆಳೆಯುವುದು. ಗೋಡೆ, ಬಾಗಿಲು, ಟ್ರೇಲರ್, ಬ್ಯಾಟರಿ, ಒಲೆ ಇದ್ದಷ್ಟೇ ಇರುತ್ತವೆ. ಎಚ್ಚರದಿಂದ ಕಟ್ಟಿದ ಐದಡಿ ಗಾಡಿಯನ್ನು ಸಾಮಾನು ಸಮೇತ 1,200 ಪೌಂಡಿನೊಳಗೆ ಇಡಬಹುದು. ತಂದ ಪ್ರತಿ ವಸ್ತುವನ್ನೂ ಮನೆಯ ತಕ್ಕಡಿಯ ಮೇಲಿಟ್ಟು ಪುಸ್ತಕದಲ್ಲಿ ಬರೆಯುತ್ತ ಹೋಗಿ. ಕೊನೆಯಲ್ಲಿ ಆಶ್ಚರ್ಯ ಕಾದಿರುವುದಿಲ್ಲ.

ನೆಲ: ಹಾಳೆಯನ್ನು ಅಡ್ಡ ತಿರುಗಿಸಿ

ನಾಲ್ಕಡಿ ಹಾಳೆಯಲ್ಲಿ ಐದಡಿ ನೆಲ ಹೇಗೆ? ಉದ್ದಕ್ಕೆ ಹಾಸಿ ಬದಿಯಲ್ಲಿ ಒಂದಡಿ ಪಟ್ಟಿ ಸೇರಿಸಿದರೆ ಎಂಟಡಿ ಉದ್ದದ ದುರ್ಬಲ ಸಂದು ಉಳಿಯುತ್ತದೆ. ಅದರ ಬದಲು ಹಾಳೆಯನ್ನು ಅಡ್ಡ ತಿರುಗಿಸಿ. ಎರಡು ಹಾಳೆಗಳನ್ನು ತಲಾ 60 ಇಂಚಿಗೆ ಕೊಯ್ದು ಅಕ್ಕಪಕ್ಕ ಇಟ್ಟರೆ ನಾಲ್ಕು ಮತ್ತು ನಾಲ್ಕು ಸೇರಿ ಎಂಟಡಿ ಉದ್ದ, ಐದಡಿ ಅಗಲ. ಸಂದು ಒಂದೇ, ಅದೂ ಅಡ್ಡಕ್ಕೆ. ಅದರ ಕೆಳಗೆ ಒಂದು ಜಂತೆ ಬಂದರೆ ಭದ್ರ. ಮಿಕ್ಕ 36x48 ಇಂಚಿನ ಎರಡು ತುಂಡು ಪೋಲಾಗುವುದಿಲ್ಲ. ಒಳಗಿನ ಕಪಾಟು, ಅಡುಗೆ ಕಟ್ಟೆ, ಹಾಸಿಗೆಗೂ ಅಡುಗೆಗೂ ನಡುವಿನ ಗೋಡೆಯ ಭಾಗ ಎಲ್ಲ ಅದರಲ್ಲೇ ಆಗುತ್ತದೆ. ಅರ್ಧ ಇಂಚಿನ ಪ್ಲೈ ಸಾಕು.

ನೆಲ ಎತ್ತಲು ಟೂ-ಬೈ-ಫೋರ್ ಮರವನ್ನು ಅಂಚಿನ ಮೇಲೆ ನಿಲ್ಲಿಸಿ, 60 ಇಂಚು ಉದ್ದದ ಜಂತೆಗಳಾಗಿ ಫ್ರೇಮಿನ ಮೇಲೆ ಅಡ್ಡಲಾಗಿ 16 ಇಂಚಿಗೊಂದರಂತೆ ಬೋಲ್ಟ್ ಮಾಡಿ. ಅದರ ನಿಜವಾದ ಅಳತೆ ಒಂದೂವರೆ ಇಂಚಿಗೆ ಮೂರೂವರೆ. ಹಾಗಾಗಿ ನೆಲ ಮೂರೂವರೆ ಇಂಚು ಏರುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಜಂತೆಯ ತಳ ಫ್ರೇಮಿನ ಮಟ್ಟದಲ್ಲೇ ಇರುತ್ತದೆ. ಅದರ ತುದಿ ಟೈರಿನ ನೆತ್ತಿಯ ಮೇಲೆ ಬಂದರೆ ಎತ್ತಿದ ಲಾಭ ಆ ಜಾಗದಲ್ಲಿ ಸೊನ್ನೆ. ಗುಂಡಿಯಲ್ಲಿ ಸ್ಪ್ರಿಂಗು ಕುಗ್ಗಿದ ಕ್ಷಣ ಟೈರು ಮರಕ್ಕೆ ಉಜ್ಜುತ್ತದೆ. ಆದ್ದರಿಂದ ಟೈರಿನ ಮುಂದೊಂದು, ಹಿಂದೊಂದು ಪೂರ್ತಿ ಉದ್ದದ ಜಂತೆ ಇಟ್ಟು, ನಡುವೆ ಬರುವ ಜಂತೆಗಳನ್ನು 48 ಇಂಚಿಗೆ, ಫ್ರೇಮಿನ ಅಂಚಿಗೇ ನಿಲ್ಲಿಸಿ. ಪ್ಲೈ ಸಂದಿನ ಕೆಳಗಿನ ಜಂತೆ ಟೈರಿನ ವ್ಯಾಪ್ತಿಗೆ ಬರುವಂತಿದ್ದರೆ ಅದಕ್ಕೂ ಇದೇ ನಿಯಮ. ಅಲ್ಲಿ ಆರಿಂಚು ಪ್ಲೈ ಮಾತ್ರ ಹೊರಚಾಚಿದರೂ ಚಿಂತೆಯಿಲ್ಲ. ಅದರ ಅಂಚಿಗೆ ಬರುವ ಎತ್ತರದ ಗೋಡೆಯೇ ದೊಡ್ಡ ತೊಲೆಯಂತೆ ನೆಲವನ್ನು ಹಿಡಿದಿಡುತ್ತದೆ.

ಗೋಡೆ ಏರಿಸುವ ಮೊದಲು ಪರೀಕ್ಷೆ ಮಾಡಿ. ಹಾಸಿದ ನೆಲದ ಮೇಲೆ ಮರಳಿನ ಚೀಲಗಳನ್ನು ಹೇರಿ. ಕಟ್ಟಬೇಕಾದ ಗಾಡಿಯ ಅಂದಾಜು ತೂಕದಷ್ಟು ಆದ ಮೇಲೆ ಟೈರಿನ ನೆತ್ತಿಗೂ ನೆಲದ ತಳಕ್ಕೂ ಇರುವ ಸಂದನ್ನು ಎರಡೂ ಬದಿ ಅಳೆಯಿರಿ. ಸ್ಪ್ರಿಂಗು ಹೀಗೆ ಕೂತ ಮೇಲೂ ಕನಿಷ್ಠ 3 ಇಂಚು ಉಳಿದಿರಬೇಕು. ಉಳಿಯದಿದ್ದರೆ ಫ್ರೇಮಿಗೂ ಜಂತೆಗೂ ನಡುವೆ ಇನ್ನೊಂದು ಮರದ ಪಟ್ಟಿ ಸೇರಿಸಲು ಇದೇ ಸಮಯ. ಗೋಡೆ ನಿಂತ ಮೇಲೆ ಇದು ಸಾಧ್ಯವಾಗದು.

ಜಂತೆಗೆ ಔಷಧ ಹೊಡೆದ ಹಸಿರು ಛಾಯೆಯ ಮರ ಕೊಳ್ಳುವ ಮನಸ್ಸಾಗುತ್ತದೆ. ಅದು ಒದ್ದೆ, ಭಾರ. ಅದರಲ್ಲಿರುವ ತಾಮ್ರದ ಸಂಯುಕ್ತ ಅಲ್ಯೂಮಿನಿಯಮ್ಮನ್ನೂ ಸಾದಾ ಉಕ್ಕಿನ ತಿರುಪುಗಳನ್ನೂ ತಿನ್ನುತ್ತದೆ. ಒಣಗಿಸಿದ ಸಾಮಾನ್ಯ ಮರಕ್ಕೆ ಮೂರು ಕೈ ಬಣ್ಣ ಕೊಟ್ಟರೆ ಅದಕ್ಕಿಂತ ಚೆನ್ನ. ನೆಲದ ತಳಭಾಗಕ್ಕೆ ಚಾವಣಿಗೆ ಬಳಿಯುವ ಡಾಂಬರು ಲೇಪ ಎರಡು ಕೈ ಬಳಿಯಿರಿ. ಪ್ಲೈವುಡ್ಡಿನ ಅಂಚಿಗೆ ಹೆಚ್ಚು ಗಮನ ಬೇಕು, ನೀರು ಹೀರುವುದು ಅಲ್ಲಿಂದಲೇ.

ಗೋಡೆ: ಎರಡೂ ಒಂದೇ ಅಚ್ಚು

ಅಗಲ ಹೆಚ್ಚಿದರೂ ಗೋಡೆ ಬದಲಾಗುವುದಿಲ್ಲ. ಒಂದು ಬದಿಗೆ ಒಂದು 4x8 ಹಾಳೆ. ಬಾಗು ಎಳೆಯಲು ಹಾಳೆಯ ಮೇಲೆ ಬೇಕಾದ ಬಿಂದುಗಳಲ್ಲಿ ಮೊಳೆ ಹೊಡೆದು, ತೆಳುವಾದ ಮರದ ಪಟ್ಟಿ ಅಥವಾ ಸಣ್ಣ ಪಿವಿಸಿ ಪೈಪನ್ನು ಅವುಗಳಿಗೆ ಒರಗಿಸಿ ಬಗ್ಗಿಸಿ. ಹತ್ತಡಿ ದೂರ ನಿಂತು ನೋಡಿ. ಎಲ್ಲಾದರೂ ಸೊಟ್ಟ ಕಂಡರೆ ಆ ಮೊಳೆ ಕಿತ್ತು ಪಟ್ಟಿ ತಾನೇ ಎಲ್ಲಿ ನಿಲ್ಲುತ್ತದೋ ನೋಡಿ, ಅಲ್ಲೇ ಗೆರೆ ಎಳೆಯಿರಿ. ಆಮೇಲೆ ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕ್ಲಾಂಪ್ ಹಾಕಿ ಒಟ್ಟಿಗೇ ಕೊಯ್ಯಿರಿ, ಒಟ್ಟಿಗೇ ಉಜ್ಜಿ. ಎರಡು ಗೋಡೆಗಳ ನಡುವೆ ಎಂಟನೇ ಒಂದು ಇಂಚು ವ್ಯತ್ಯಾಸ ಬಂದರೂ ಐದಡಿ ಅಗಲದ ಮುಚ್ಚಳ ಒಂದು ಮೂಲೆಯಲ್ಲಿ ಎದ್ದು ನಿಲ್ಲುತ್ತದೆ, ಮಳೆನೀರು ಅಲ್ಲಿಂದಲೇ ಒಳಬರುತ್ತದೆ.

ಚಳಿಯ ಊರುಗಳಿಗೆ ಹೋಗುವವರು ಗಟ್ಟಿ ಪ್ಲೈ ಬದಲು ಮೂರು ಪದರದ ಗೋಡೆ ಕಟ್ಟಬಹುದು: ಹೊರಗೆ ಕಾಲು ಇಂಚಿನ ಪ್ಲೈ, ನಡುವೆ ಮುಕ್ಕಾಲು ಇಂಚಿನ ರೀಪರ್ ಚೌಕಟ್ಟು ಮತ್ತು ಫೋಮ್ ಹಲಗೆ, ಒಳಗೆ ತೆಳು ಪ್ಲೈ. ತೂಕ ಇಳಿಯುತ್ತದೆ, ಬೆಚ್ಚಗಿರುತ್ತದೆ. ಬದಲಿಗೆ ಒಳ ಅಗಲದಲ್ಲಿ ಮುಕ್ಕಾಲು ಇಂಚು ಬಿಟ್ಟುಕೊಡಬೇಕು, ಕೆಲಸವೂ ಹೆಚ್ಚು. ಬಾಗಿಲು ಎರಡೂ ಬದಿಗೆ ಇರಲಿ. ರಾತ್ರಿ ಏಳುವವರು ಮಲಗಿದವರನ್ನು ದಾಟಿ ಹೋಗುವ ಕಷ್ಟ ತಪ್ಪುತ್ತದೆ. ಅವಘಡದಲ್ಲಿ ಒಂದು ಸಿಕ್ಕಿಕೊಂಡರೆ ಇನ್ನೊಂದು ಇರುತ್ತದೆ.

ಚಾವಣಿ: ಇಮ್ಮಡಿಯಾಗುವ ಬಾಗು

ಅಗಲದ ನಿಜವಾದ ಬೆಲೆ ತೆರುವುದು ಚಾವಣಿಯಲ್ಲಿ. ಎರಡು ಗೋಡೆಗಳ ನಡುವೆ ಹಾಯುವ ಅಡ್ಡ ರೀಪರುಗಳು ನಾಲ್ಕಡಿ ಗಾಡಿಯಲ್ಲಿ 46.5 ಇಂಚು, ಐದಡಿಯಲ್ಲಿ 58.5. ನಡುವೆ ಅದೇ ಭಾರ ಬಿದ್ದಾಗ ಬಾಗು ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ. ಉದ್ದ ಕಾಲು ಪಾಲು ಹೆಚ್ಚಿದರೆ ಬಾಗು ಹೆಚ್ಚುಕಡಿಮೆ ಎರಡರಷ್ಟು. ಹಳೆಯ ನಕ್ಷೆಯ ರೀಪರನ್ನೇ ಉದ್ದ ಮಾಡಿ ಹಾಕಿದರೆ ಚಾವಣಿ ನಡುವೆ ತಗ್ಗುತ್ತದೆ, ತಗ್ಗಿನಲ್ಲಿ ನೀರು ನಿಲ್ಲುತ್ತದೆ, ನಿಂತ ನೀರು ಸಂದು ಹುಡುಕುತ್ತದೆ.

ಪರಿಹಾರವೂ ಅದೇ ಲೆಕ್ಕದಲ್ಲಿದೆ. ರೀಪರಿನ ಬಿಗಿ ಅದರ ಎತ್ತರದ ಘನಕ್ಕೆ ತಕ್ಕಂತೆ ಏರುತ್ತದೆ. ಒಂದೂವರೆ ಇಂಚು ಎತ್ತರದ ಒನ್-ಬೈ-ಟೂ ಬದಲು ಎರಡೂವರೆ ಇಂಚಿನ ಒನ್-ಬೈ-ತ್ರೀಯನ್ನು ಅಂಚಿನ ಮೇಲೆ ನಿಲ್ಲಿಸಿದರೆ ಬಿಗಿ ನಾಲ್ಕು ಪಟ್ಟಿಗೂ ಹೆಚ್ಚು. ತೂಕ ಹೆಚ್ಚುವುದು ಮುಕ್ಕಾಲು ಪಾಲಿನಷ್ಟೂ ಇಲ್ಲ. 10 ಇಂಚಿಗೊಂದರಂತೆ ಹಾಕಿ. ಗಾಳಿ ಕಿಂಡಿ ಬರುವಲ್ಲಿ ಎರಡೂ ಕಡೆ ಜೋಡಿ ರೀಪರ್ ಇರಲಿ.

ಚಾವಣಿಗೆ ಪ್ಲೈ ಹೊದಿಸುವಾಗಲೂ ಹಾಳೆ ಅಡ್ಡ ತಿರುಗಿಸಿ, 60 ಇಂಚಿಗೆ ಕೊಯ್ದು ಬಳಸಿ. ಇದರಲ್ಲಿ ಒಂದು ಲಾಭ ತಾನಾಗಿ ಬರುತ್ತದೆ. ಹಾಳೆಯ ಹೊರಪದರದ ನಾರು ಅದರ ಉದ್ದಕ್ಕೆ ಇರುತ್ತದೆ. ಅಡ್ಡ ಹಾಕಿದಾಗ ನಾರು ಗಾಡಿಯ ಅಗಲಕ್ಕೆ ಬಂದು ಹಾಳೆ ಮುಂದಿನ ಬಾಗಿಗೆ ಸುಲಭವಾಗಿ ಮಣಿಯುತ್ತದೆ. ಮುಂಗೋಡೆಯ ಬುಡದಿಂದ ಹಿಂದಿನ ತುದಿವರೆಗೆ ಬಾಗಿನ ಮೇಲೆ ಅಳೆದರೆ 11-12 ಅಡಿ ಆಗುತ್ತದೆ, ಅಂದರೆ ಮೂರು ಹಾಳೆ. ಎಂಟನೇ ಒಂದು ಇಂಚಿನ ಪ್ಲೈ ಎರಡು ಪದರ ಹಾಕಿ, ಮೇಲಿನ ಪದರದ ಸಂದು ಕೆಳಗಿನದರ ಮೇಲೆ ಬೀಳದಂತೆ ನೋಡಿಕೊಳ್ಳಿ.

ಅದರ ಮೇಲೆ ಅಲ್ಯೂಮಿನಿಯಂ ತಗಡು ಹಾಕುವುದಾದರೆ ಐದಡಿಗೂ ಹೆಚ್ಚು ಅಗಲದ ಸುರುಳಿ ಹುಡುಕಿ. ಟ್ರೇಲರ್ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿದರೆ ಸಿಗುತ್ತದೆ. ನಾಲ್ಕಡಿಯದೇ ಸಿಕ್ಕಿದರೆ ಅದನ್ನೂ ಅಡ್ಡ ಹಾಕಿ, ಹೆಂಚು ಹೊದಿಸುವ ಕ್ರಮದಲ್ಲಿ ಮೇಲಿನ ತಗಡಿನ ಅಂಚು ಕೆಳಗಿನದರ ಮೇಲೆ ಬರುವಂತೆ ಇಡಿ, ನಡುವೆ ಬ್ಯೂಟೈಲ್ ಟೇಪ್ ಅಂಟಿಸಿ. ಕಡಿಮೆ ಖರ್ಚಿನ ವಿಧಾನವೂ ಇದೆ. ಹತ್ತಿಯ ಕ್ಯಾನ್ವಾಸ್ ಬಟ್ಟೆಯನ್ನು ನೀರು ಬೆರೆಸಿದ ಜಲನಿರೋಧಕ ಮರದ ಅಂಟಿನಲ್ಲಿ ನೆನೆಸಿ ಪ್ಲೈಗೆ ಹಾಸಿ, ಸುಕ್ಕು ಬಿಡಿಸಿ, ಒಣಗಿದ ಮೇಲೆ ಹೊರಗೋಡೆಯ ಲೇಟೆಕ್ಸ್ ಬಣ್ಣವನ್ನು ನಾಲ್ಕೈದು ಕೈ ಬಳಿಯುವುದು. ಅಗಲವಾದ ಬಟ್ಟೆ ಸುಲಭವಾಗಿ ಸಿಗುವುದರಿಂದ ಐದಡಿ ಗಾಡಿಗೆ ಸಂದೇ ಇಲ್ಲದ ಹೊದಿಕೆ ಆಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಬಣ್ಣ ಕೊಡುತ್ತಿರಬೇಕು.

ಮುಚ್ಚಳ ಮತ್ತು ಅಡುಗೆ

ಹಿಂದಿನ ಮುಚ್ಚಳ ಈ ಗಾಡಿಯ ಅತಿ ಕಷ್ಟದ ಭಾಗ. ಬಾಗಿಸಿ ಕೂರಿಸಿದ ಪ್ಲೈ ಕ್ಲಾಂಪ್ ತೆಗೆದೊಡನೆ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಆಮೇಲೆ ಚಿಲಕ ಹಾಕಿದರೂ ಕೆಳ ಅಂಚು ಹೊರಗೇ ನಿಲ್ಲುತ್ತದೆ. ಇದನ್ನು ತಡೆಯಲು ಮುಚ್ಚಳವನ್ನು ಗಾಡಿಯ ಮೇಲೆಯೇ ಕಟ್ಟಬೇಕು. ಮುಕ್ಕಾಲು ಇಂಚು ಪ್ಲೈನಲ್ಲಿ ಕೊಯ್ದ ಬಾಗಿದ ಪಕ್ಕೆಲುಬುಗಳನ್ನು ಸ್ಥಳದಲ್ಲಿ ಹಿಡಿಸಿ, ತೆಳು ಪ್ಲೈ ಎರಡು ಪದರವನ್ನು ಅಂಟಿನಿಂದ ಒಂದರ ಮೇಲೊಂದು ಹಾಸಿ, ಪಟ್ಟಿ ಬಿಗಿದು ಎರಡು ದಿನ ಹಾಗೇ ಬಿಡಿ. ಅಂಟು ಗಟ್ಟಿಯಾದ ಮೇಲೆ ಬಾಗು ಅಲುಗುವುದಿಲ್ಲ. ಐದಡಿಯಲ್ಲಿ ತಿರುಚುವಿಕೆ ಹೆಚ್ಚಾದ್ದರಿಂದ ಪಕ್ಕೆಲುಬು ಐದು ಇರಲಿ, ಗ್ಯಾಸ್ ಸ್ಟ್ರಟ್ ಎರಡೂ ಬದಿ ಇರಲಿ, ಚಿಲಕವೂ ಎರಡು. ಮೇಲಿನ ಅಂಚಿಗೆ ಪೂರ್ತಿ ಅಗಲಕ್ಕೆ ಒಂದೇ ತುಂಡಿನ ಹರಿಕೇನ್ ಹಿಂಜ್ ಹಾಕಿ. ಒಂದಕ್ಕೊಂದು ಕೊಂಡಿಯಾಗಿ ಕೂರುವ ಆ ಅಲ್ಯೂಮಿನಿಯಂ ಪಟ್ಟಿಗಳು ಬಿಜಾಗರಿಯೂ ಹೌದು, ಮಳೆಗೆ ತಡೆಯೂ ಹೌದು.

ಹೆಚ್ಚಿನ ಒಂದಡಿಯ ಸುಖ ಇಲ್ಲೂ ಕಾಣುತ್ತದೆ. ಎರಡು ಉರಿಯ ಒಲೆ, ಐಸ್ ಪೆಟ್ಟಿಗೆ, ಪಾತ್ರೆ ತೊಳೆಯುವ ಬೋಗುಣಿ ಅಕ್ಕಪಕ್ಕ ಕೂರುತ್ತವೆ. ಒಲೆಯನ್ನು ಜಾರುಹಲಗೆಯ ಮೇಲಿಟ್ಟು ಹೊರಕ್ಕೆ ಎಳೆದು ಉರಿಸಿ. ಕುಕ್ಕರಿನ ಆವಿ, ಒಗ್ಗರಣೆಯ ಎಣ್ಣೆ ಮುಚ್ಚಳದ ಒಳಮೈಗೆ ನೇರ ಹೊಡೆಯಬಾರದು. ಮಲಗುವ ಕಡೆಗೆ ಯಾವ ಕಾರಣಕ್ಕೂ ಒಲೆ ಒಯ್ಯಬೇಡಿ, ಚಳಿ ಎಷ್ಟೇ ಇರಲಿ. ಇಷ್ಟು ಚಿಕ್ಕ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ. ಒಳಗೆ ಅದರ ಎಚ್ಚರಿಕೆ ಗಂಟೆಯೊಂದು ಇರಲೇಬೇಕು. ಯೊಸೆಮಿಟಿಯಂಥ ಕರಡಿ ಕಾಡುಗಳಲ್ಲಿ ರಾತ್ರಿ ತಿಂಡಿತಿನಿಸು, ಉಪ್ಪಿನಕಾಯಿ ಜಾಡಿ, ಸೋಪು ಸಹ ಗಾಡಿಯಲ್ಲಿ ಇಡಬೇಡಿ. ಕ್ಯಾಂಪಿನಲ್ಲಿರುವ ಉಕ್ಕಿನ ಪೆಟ್ಟಿಗೆಗೇ ಹೋಗಬೇಕು.

ಗಾಳಿ, ಬೆಳಕು, ತಂತಿ

ಇಬ್ಬರ ಉಸಿರಿನ ತೇವ ರಾತ್ರಿಯಿಡೀ ಒಳಗೇ ಉಳಿದರೆ ಬೆಳಗ್ಗೆ ಚಾವಣಿಯಿಂದ ಹನಿ ಬೀಳುತ್ತದೆ. 14 ಇಂಚು ಚೌಕದ ಫ್ಯಾನ್ ಇರುವ ಚಾವಣಿ ಕಿಂಡಿಯನ್ನು ಕಾಲ ಕಡೆಗೆ ಹಾಕಿ, ತಲೆ ಕಡೆಯ ಕಿಟಕಿಯನ್ನು ಎರಡು ಇಂಚು ತೆರೆದು ಮಲಗಿ. ದೀಪ, ಫ್ಯಾನ್, ಫೋನ್ ಚಾರ್ಜಿಗೆ 12 ವೋಲ್ಟಿನ 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಒಂದು ವಾರಾಂತ್ಯಕ್ಕೆ ಧಾರಾಳ. ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಇರಬೇಕು.

ರಸ್ತೆಯ ದೀಪಗಳಿಗೆ ಕಾರಿನಿಂದ ನಾಲ್ಕು ತಂತಿಯ ಚಪ್ಪಟೆ ಕನೆಕ್ಟರ್ ಬರುತ್ತದೆ: ಬಿಳಿ ಅರ್ಥ್, ಕಂದು ಹಿಂದೀಪ, ಹಳದಿ ಎಡ ತಿರುವು ಮತ್ತು ಬ್ರೇಕ್, ಹಸಿರು ಬಲ ತಿರುವು ಮತ್ತು ಬ್ರೇಕ್. ಟ್ರೇಲರ್ ಜೊತೆ ಬಂದ ದೀಪಗಳು ನಾಲ್ಕಡಿ ಫ್ರೇಮಿನ ಅಂಚಿನಲ್ಲಿರುತ್ತವೆ. ಅವನ್ನು ಪೆಟ್ಟಿಗೆಯ ಹೊಸ ಅಂಚಿಗೆ ಸ್ಥಳಾಂತರಿಸಿ. ಇಲ್ಲದಿದ್ದರೆ ರಾತ್ರಿ ಹಿಂದೆ ಬರುವವರಿಗೆ ಗಾಡಿಯ ನಿಜವಾದ ಅಗಲ ತಿಳಿಯುವುದಿಲ್ಲ.

ರಸ್ತೆಗಿಳಿಸುವ ಮುನ್ನ

ಅಗಲದ ಪೆಟ್ಟಿಗೆಗೆ ಮೂತಿಯ, ಅಂದರೆ ಟ್ರೇಲರನ್ನು ಕಾರಿಗೆ ಸೇರಿಸುವ ಮುಂಚಾಚಿನ, ಉದ್ದವೂ ಹೆಚ್ಚು ಬೇಕು. ರಿವರ್ಸ್ ತೆಗೆದುಕೊಳ್ಳುವಾಗ ಗಾಡಿ ಮಡಚಿದರೆ ಅದರ ಮುಂದಿನ ಮೂಲೆ ಕಾರಿನ ಬಂಪರಿಗೆ ಬರುತ್ತದೆ. ನಾಲ್ಕಡಿಯಲ್ಲಿ ಆ ಮೂಲೆ ನಡುಗೆರೆಯಿಂದ 24 ಇಂಚು ದೂರ, ಐದಡಿಯಲ್ಲಿ 30. ಖಾಲಿ ಮೈದಾನದಲ್ಲಿ ಒಬ್ಬರು ಕೆಳಗೆ ನಿಂತು ನೋಡುತ್ತಿರುವಂತೆ ನಿಧಾನವಾಗಿ ಪೂರ್ತಿ ತಿರುಗಿಸಿ ಪರೀಕ್ಷಿಸಿ. ಸಾಲದಿದ್ದರೆ ಮೂತಿಯ ಉಕ್ಕಿನ ಕೊಳವೆಯನ್ನು ಉದ್ದನೆಯ, ಹೆಚ್ಚು ದಪ್ಪದ ಕೊಳವೆಗೆ ಬದಲಿಸಿ. ಮೂತಿ ಉದ್ದವಾದರೆ ಹಿಂದಕ್ಕೆ ಹೊಡೆಯುವುದೂ ಸುಲಭವಾಗುತ್ತದೆ.

ಹಿಚ್ ಮೇಲೆ ಬೀಳುವ ಭಾರ ಒಟ್ಟು ತೂಕದ ನೂರಕ್ಕೆ 10ರಿಂದ 15 ಇರಬೇಕು. 1,000 ಪೌಂಡಿನ ಗಾಡಿಗೆ ಅದು 100ರಿಂದ 150 ಪೌಂಡ್. ಮೂತಿಯ ಕೆಳಗೆ ಮರದ ತುಂಡು, ಅದರ ಕೆಳಗೆ ಸ್ನಾನದ ಮನೆಯ ತಕ್ಕಡಿ ಇಟ್ಟರೆ ತಿಳಿಯುತ್ತದೆ. ಅಡುಗೆಮನೆ ಹಿಂದೆ ಇರುವುದರಿಂದ ಈ ಭಾರ ಕಡಿಮೆಯಾಗುವ ಸಂಭವವೇ ಹೆಚ್ಚು. ಕಡಿಮೆಯಾದರೆ ಹೆದ್ದಾರಿಯ ವೇಗದಲ್ಲಿ ಗಾಡಿ ಬಾಲ ಅಲ್ಲಾಡಿಸತೊಡಗುತ್ತದೆ. ಒಮ್ಮೆ ಶುರುವಾದರೆ ಹಿಡಿತಕ್ಕೆ ತರುವುದು ಬಹಳ ಕಷ್ಟ. ಬ್ಯಾಟರಿಯನ್ನೂ ನೀರಿನ ಡಬ್ಬವನ್ನೂ ಮುಂದಕ್ಕೆ ಸರಿಸಿ ಸರಿಪಡಿಸಿ.

ನೀರಿನ ಪರೀಕ್ಷೆಯನ್ನು ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟು ಮಾಡಿ. ಕೆಳಗಿನ ಸಂದಿನಿಂದ ಶುರು ಮಾಡಿ ಒಂದೊಂದೇ ಸಂದು ಮೇಲಕ್ಕೆ ಹೋಗಿ. ಎಲ್ಲ ಕಡೆ ಒಮ್ಮೆಲೇ ಸುರಿದರೆ ಸೋರುವ ಜಾಗ ಯಾವುದೆಂದು ಗೊತ್ತಾಗದು.

ನೋಂದಣಿ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹೊಸ ಟ್ರೇಲರ್ ಕೊಂಡಾಗ ಬಂದ ಉತ್ಪಾದಕರ ಪ್ರಮಾಣಪತ್ರ, ಮರ ಮತ್ತು ಬಿಡಿಭಾಗಗಳ ರಸೀದಿ, ಕಟ್ಟುವಾಗಿನ ಫೋಟೋ ಎಲ್ಲವನ್ನೂ ಒಂದೇ ಫೈಲಿನಲ್ಲಿಡಿ. ಬ್ರೇಕ್ ಬೇಕಾಗುವ ತೂಕವನ್ನೂ ಕೇಳಿ ತಿಳಿಯಿರಿ. ಕ್ಯಾಲಿಫೋರ್ನಿಯಾದಲ್ಲಿ ಅದು 1,500 ಪೌಂಡ್. ಅದೇ ರಾಜ್ಯದಲ್ಲಿ ಟ್ರೇಲರ್ ಎಳೆಯುವ ವಾಹನದ ವೇಗಮಿತಿ ಗಂಟೆಗೆ 55 ಮೈಲಿ. ಸುರಕ್ಷತಾ ಸರಪಳಿಗಳನ್ನು ಮೂತಿಯ ಕೆಳಗೆ ಒಂದಕ್ಕೊಂದು ಅಡ್ಡ ಹಾಯಿಸಿ ಕೊಂಡಿ ಹಾಕುವುದು ಎಲ್ಲ ಕಡೆಗೂ ಒಳ್ಳೆಯ ಅಭ್ಯಾಸ.

ಮೊದಲ ಪ್ರವಾಸ ಮನೆಗೆ ಹತ್ತಿರವಿರಲಿ. ಬೋಲ್ಟ್ ಹಾಕಿ ಜೋಡಿಸಿದ ಟ್ರೇಲರಿನಲ್ಲಿ ಪ್ರತಿ ನಟ್ಟೂ ಲಾಕ್‌ನಟ್ ಆಗಿರಲಿ. ಚಕ್ರದ ನಟ್ಟುಗಳನ್ನು 10, 25, 50 ಮೈಲಿಗೆ ನಿಲ್ಲಿಸಿ ಟಾರ್ಕ್ ವ್ರೆಂಚಿನಿಂದ ಬಿಗಿಯಿರಿ. ಪ್ರತಿ ಸಲ ಚಕ್ರದ ಗುಂಬದ (ಹಬ್) ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿ ಇದ್ದರೆ ಬೇರಿಂಗಿಗೆ ಗ್ರೀಸು ಸಾಲದು ಅಥವಾ ಬಿಗಿತ ಹೆಚ್ಚಾಗಿದೆ. ಹೆದ್ದಾರಿಯ ಟ್ರಕ್ ನಿಲ್ದಾಣಗಳಲ್ಲಿರುವ ಕ್ಯಾಟ್ ಸ್ಕೇಲಿನ ಮೇಲೆ ಪೂರ್ತಿ ತುಂಬಿದ ಗಾಡಿಯನ್ನು ಒಮ್ಮೆ ತೂಗಿ, ಆ ಚೀಟಿಯನ್ನು ನಿಮ್ಮ ತೂಕದ ಪುಸ್ತಕಕ್ಕೆ ಅಂಟಿಸಿ. ಆಮೇಲೆ ವರ್ಷಕ್ಕೊಮ್ಮೆ ಬೇರಿಂಗು ಬಿಚ್ಚಿ ಗ್ರೀಸು ತುಂಬುವುದು, ಚಳಿಗಾಲಕ್ಕೆ ಮೊದಲು ಸಂದುಗಳನ್ನು ಬೆರಳಿನಿಂದ ಒತ್ತಿ ನೋಡಿ ಬಿರುಕು ಬಿಟ್ಟಲ್ಲಿ ಸೀಲೆಂಟ್ ಹಚ್ಚುವುದು, ಇಷ್ಟೇ ಆರೈಕೆ. ನೆಲ, ರೀಪರು, ತಂತಿ ಎಲ್ಲವನ್ನೂ ಕೈಯಾರೆ ಕೂರಿಸಿದವರಿಗೆ ಅದರ ರಿಪೇರಿಗೂ ಇನ್ನೊಬ್ಬರ ಬಾಗಿಲು ಕಾಯುವ ಅಗತ್ಯ ಬರುವುದಿಲ್ಲ.